ಸಿಟ್ಟು ಇಳಿದ ಮೇಲೆ

ದೇವನಹಳ್ಳಿ ಪಕ್ಕದ ವಿಜಯಪುರದ ಮುನಿರತ್ನಮ್ಮನ ಬಾಯಿಗೆ ಒಂದು ಕಾಲದಲ್ಲಿ ಇಡೀ ಬೀದಿ ಹೆದರುತ್ತಿತ್ತು. ಬಾಯಿಗಷ್ಟೇ ಅಲ್ಲ, ಕೈಗೂ. ಗಂಡ ತೀರಿಕೊಂಡ ವರ್ಷ, ಶಾಲೆ ತಪ್ಪಿಸಿ ಕೆರೆಗೆ ಹೋಗಿದ್ದ ಮಗ ಶ್ರೀಧರನನ್ನು ದರದರ ಎಳೆದು ತಂದವಳು, ರೇಷ್ಮೆಗೂಡು ಬೇಯುತ್ತಿದ್ದ ನೀರಿಗೆ ಅವನ ಕೈ ಅದ್ದಿಬಿಟ್ಟಿದ್ದಳು. ಮಗನ ಕಿರುಚಾಟ ಕೇಳಿದ ಮೇಲೆಯೇ ತಾನೇನು ಮಾಡಿದೆನೆಂದು ಅವಳಿಗೆ ತಿಳಿದದ್ದು.

ಜೊತೆಯಲ್ಲಿ ನೂಲು ತೆಗೆಯುತ್ತಿದ್ದ ಹೆಂಗಸೊಬ್ಬಳು ಅವಳನ್ನು ದೇವನಹಳ್ಳಿ ದಾರಿಯ ಸಣ್ಣ ಬುದ್ಧವಿಹಾರಕ್ಕೆ ಕರೆದುಕೊಂಡು ಹೋದಳು. ಅಲ್ಲಿದ್ದ ವಯಸ್ಸಾದ ಭಿಕ್ಷು, ಎಲ್ಲರೂ ಕರೆಯುತ್ತಿದ್ದಂತೆ ಭಂತೇಜಿ, ಅವಳಿಗೆ ಉಸಿರು ನೋಡುತ್ತ ಕೂರುವುದನ್ನು ಕಲಿಸಿದರು. "ಸಿಟ್ಟು ಬಂದಾಗ ಏನೂ ಮಾಡ್ಬೇಡಮ್ಮ. ಇಳಿಯೋವರೆಗೂ ಕೂತ್ಕೊ. ಇಳಿದ್ಮೇಲೂ ಮಾಡ್ಲೇಬೇಕು ಅನ್ನಿಸಿದ್ರೆ, ಆಗ ಮಾಡು" ಎಂದರು.

ಕೊಲ್ಲುವುದಿಲ್ಲ, ಸುಳ್ಳು ಹೇಳುವುದಿಲ್ಲ ಎಂಬಂಥ ಐದು ಮಾತಿನ ಪಂಚಶೀಲವನ್ನು ಅವಳು ತೆಗೆದುಕೊಂಡಳು. ಹುಳು ಬೇಯಿಸುವ ಕೆಲಸ ಬಿಟ್ಟು, ನೂಲು ಹುರಿ ಮಾಡುವ ಮಿಷನ್ನಿಗೆ ಸೇರಿಕೊಂಡಳು. ಬೆಳಗ್ಗೆ ಎದ್ದು ಕೂರುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ವರ್ಷಗಳು ಕಳೆದಂತೆ ದನಿ ತಗ್ಗಿತು. ಮುನಿರತ್ನಮ್ಮ ಮೆತ್ತಗಾದಳು ಎಂದು ಬೀದಿಯವರು ಆಡಿಕೊಂಡರು. ಅಷ್ಟು ಹೊತ್ತಿಗೆ ದೇವನಹಳ್ಳಿಯ ಏರ್‌ಪೋರ್ಟು ಶುರುವಾಗಿತ್ತು. ಶ್ರೀಧರ ತನ್ನ ಚಿಕ್ಕಪ್ಪ ಹರಿಪ್ರಸಾದನ ಟ್ಯಾಕ್ಸಿ ಓಡಿಸಲು ಸೇರಿ, ನಂದಗುಡಿ ಕಡೆಯ ಅಕ್ಷತಳನ್ನು ಮದುವೆಯಾದ.

ಡಿಸೆಂಬರಿನ ಒಂದು ಬೆಳಗ್ಗೆ, ಮಂಜು ಇನ್ನೂ ಕರಗಿರಲಿಲ್ಲ. ಶ್ರೀಧರ ಹಿತ್ತಲಲ್ಲಿ ಕಾರಿನ ಮೂತಿ ತೊಳೆಯುತ್ತಿದ್ದ. ಒಂದು ಹೆಡ್‌ಲೈಟು ಒಡೆದಿತ್ತು.

"ಏನಾಯ್ತೋ?"

"ನಾಯಿ ಅಡ್ಡ ಬಂತು."

ಅವಳು ಮತ್ತೆ ಕೇಳಲಿಲ್ಲ. ಮಧ್ಯಾಹ್ನ ಕಾರ್ಖಾನೆಯಲ್ಲಿ ಸುದ್ದಿ ಬಂತು. ಡೈರಿಗೆ ಹಾಲು ಒಯ್ಯುತ್ತಿದ್ದ ಕೊಂಡಪ್ಪನಿಗೆ ಯಾವುದೋ ಕಾರು ಗುದ್ದಿ ಹೋಗಿದೆ; ಬಿಸಿಲೇರಿ ದ್ರಾಕ್ಷಿ ತೋಟದ ಆಳುಗಳು ಬರುವವರೆಗೂ ಮೋರಿಯಲ್ಲಿ ನರಳುತ್ತ ಬಿದ್ದಿದ್ದನಂತೆ; ಆಸ್ಪತ್ರೆ ದಾರಿಯಲ್ಲಿ ಪ್ರಾಣ ಹೋಯಿತಂತೆ.

ಮನೆಗೆ ಬಂದಾಗ ಹರಿಪ್ರಸಾದ ಜಗಲಿಯ ಮೇಲೆ ಕೂತಿದ್ದ. ಶ್ರೀಧರ ತಲೆ ಎತ್ತಲಿಲ್ಲ.

"ಅತ್ತಿಗೆ, ನೀವೇನೂ ತಲೆ ಕೆಡಿಸ್ಕೋಬೇಡಿ" ಎಂದ ಹರಿಪ್ರಸಾದ. "ನಮ್ ಶೆಡ್‌ನ ಪಿಳ್ಳಣ್ಣ ಇದಾನಲ್ಲ, ಗಾಡಿ ನಾನೇ ಓಡಿಸ್ತಿದ್ದೆ ಅಂತ ಒಪ್ಕೋತಾನೆ. ಅವನಿಗೇನು, ಹಿಂದಿಲ್ಲ ಮುಂದಿಲ್ಲ."

"ಪಿಳ್ಳಣ್ಣ ಗಾಡೀಲಿ ಇದ್ನಾ?"

"ಇರ್ಲಿಲ್ಲ. ಅದಕ್ಕೇನೀಗ?"

ಅವಳು ಮಗನ ಕಡೆ ತಿರುಗಿದಳು. "ಗುದ್ದಿದ್ಮೇಲೆ ಇಳಿದು ನೋಡಿದ್ಯಾ?"

"ನೋಡ್ದೆ. ಕೈ ಆಡಿಸ್ತಿದ್ದ. ನಂಗೆ ಭಯ ಆಯ್ತಮ್ಮ, ಬಂದ್ಬಿಟ್ಟೆ."

ಅವಳ ಮೈಯೆಲ್ಲ ಉರಿಯಿತು. ಅವನ ಕೆನ್ನೆಗೆ ಬಾರಿಸಬೇಕು, ಕುತ್ತಿಗೆಪಟ್ಟಿ ಹಿಡಿದು ಬೀದಿಯಲ್ಲಿ ಎಳೆಯಬೇಕು ಅನ್ನಿಸಿತು. ಬಸುರಿ ಸೊಸೆ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ಮುನಿರತ್ನಮ್ಮ ಒಳಗೆ ಹೋಗಿ ಕದ ಮುಚ್ಚಿಕೊಂಡು ಚಾಪೆಯ ಮೇಲೆ ಕೂತಳು. ಹರಿಪ್ರಸಾದ ಹೊರಗೆ ಏನೇನೋ ಹೇಳುತ್ತಲೇ ಇದ್ದ.

ಮೊದಮೊದಲು ಉಸಿರು ಸಿಗಲಿಲ್ಲ. ಆಮೇಲೆ ಸಿಕ್ಕಿತು. ಸಿಟ್ಟು ನಿಧಾನವಾಗಿ ಇಳಿಯಿತು. ಅದರ ಕೆಳಗೆ ಭಯವಿತ್ತು, ಅದೂ ಬಂದು ಹೋಯಿತು. ಮಗ ಚಿಕ್ಕವನಾಗಿದ್ದಾಗಿನ ಮುಖ ಕಣ್ಣ ಮುಂದೆ ನಿಂತಿತು; ಅವನ ಮೇಲೆ ಎಂದೂ ಇಲ್ಲದಷ್ಟು ಮರುಕ ಬಂತು. ಆದರೂ ಪೊಲೀಸರ ಹತ್ತಿರ ಹೋಗಿ ನಿಜ ಹೇಳಬೇಕು ಅನ್ನುವುದು ಮಾತ್ರ ಕದಲಲಿಲ್ಲ. ಸಿಟ್ಟಿನಿಂದ ಹುಟ್ಟಿದ್ದಾದರೆ ಸಿಟ್ಟಿನ ಜೊತೆಗೇ ಹೋಗುತ್ತಿತ್ತು ಎಂದು ಅವಳಿಗೆ ಅನ್ನಿಸಿತು.

ಹೊರಗೆ ಬಂದು ಮಗನ ಪಕ್ಕ ಕೂತಳು. "ಸ್ಟೇಷನ್‌ಗೆ ಹೋಗೋಣ ಬಾ. ನಾನೂ ಬರ್ತೀನಿ, ಪಕ್ಕದಲ್ಲೇ ಇರ್ತೀನಿ."

"ನಾನು ಬರಲ್ಲ."

"ನೀನು ಬರ್ದಿದ್ರೆ ನಾನೊಬ್ಬಳೇ ಹೋಗ್ತೀನಿ ಕಣಪ್ಪಾ."

ಅವನು ಸುಟ್ಟ ಗಾಯದ ಕಲೆಯಿದ್ದ ಕೈಯನ್ನು ಅವಳ ಮುಂದೆ ಹಿಡಿದ. "ಇಷ್ಟು ಮಾಡಿದ್ದು ಸಾಲ್ದಾ ನಿಂಗೆ?"

ಆ ಕೈಯನ್ನು ಮುಟ್ಟಲು ಹೋದಳು, ಅವನು ಎಳೆದುಕೊಂಡ. ಅವಳು ಚಪ್ಪಲಿ ಮೆಟ್ಟಿಕೊಂಡು ಒಬ್ಬಳೇ ಹೊರಟಳು.

ಅಂದೇ ಸಂಜೆ ಪೊಲೀಸರು ಅವನನ್ನು ಕರೆದೊಯ್ದರು. ಜಾಮೀನು ಬೇಗನೆ ಸಿಕ್ಕಿತು, ಆದರೆ ಶ್ರೀಧರ ಮನೆಗೆ ಬರಲಿಲ್ಲ. ಹೆಂಡತಿಯ ಜೊತೆ ನಂದಗುಡಿಗೆ ಹೋಗಿ ಅಲ್ಲೇ ಉಳಿದ. ಮೊಮ್ಮಗಳು ಹುಟ್ಟಿದ ಸುದ್ದಿ ಬೇರೆಯವರ ಬಾಯಿಂದ ತಿಳಿಯಿತು. ಮಗು ನೋಡಲು ಹೋದವಳನ್ನು ಬೀಗರು ಅಂಗಳದಿಂದಲೇ ಕಳಿಸಿದರು.

ಕೊಂಡಪ್ಪನ ಹೆಂಡತಿ ಮಾರಕ್ಕನೂ ಅವಳನ್ನು ಒಳಗೆ ಕರೆಯಲಿಲ್ಲ. "ನಿನ್ ಮಗ ಎತ್ಕೊಂಡು ಹೋಗಿದ್ರೆ ನಮ್ಮೋನು ಬದುಕ್ತಿದ್ದ. ಈಗ ಬಂದು ಏನ್ ಮಾಡ್ತೀಯ?" ಎಂದಳು. ಮುನಿರತ್ನಮ್ಮ ನಿಂತೇ ಕೇಳಿಸಿಕೊಂಡಳು. ಮತ್ತೊಂದು ಸಲ ಹೋದಳು, ಮಗದೊಂದು ಸಲವೂ ಹೋದಳು. ಮಾರಕ್ಕ ಬೈದು ಸುಸ್ತಾದ ದಿನ ಇವಳೇ ಕೊಟ್ಟಿಗೆಯ ಸಗಣಿ ಬಾಚಿ ಬಂದಳು. ಮಾರಕ್ಕ ಬೇಡವೆನ್ನಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ.

ಕೇಸು ವರ್ಷಗಟ್ಟಲೆ ಎಳೆಯಿತು. ಕೋರ್ಟಿನಲ್ಲಿ, ಅವತ್ತು ಕಾರು ತೊಳೆಯುತ್ತಿದ್ದವರು ಯಾರು ಎಂದು ಕೇಳಿದಾಗ, "ನನ್ನ ಮಗ" ಎಂದಳು. ಶ್ರೀಧರ ಕಟಕಟೆಯಲ್ಲಿ ನಿಂತು ಅವಳನ್ನೇ ದಿಟ್ಟಿಸುತ್ತಿದ್ದ. ಒಂದು ವರ್ಷ ಸಜೆಯಾಯಿತು. ಅವಳು ಜೈಲಿಗೆ ಹೋದಾಗಲೆಲ್ಲ, ಭೇಟಿ ಬೇಡ ಎಂದು ಒಳಗಿನಿಂದ ಹೇಳಿ ಕಳಿಸುತ್ತಿದ್ದ.

ಹಾಗೆ ವಾಪಸು ಬಂದ ಒಂದು ದಿನ ವಿಹಾರಕ್ಕೆ ಹೋದಳು. ಭಂತೇಜಿಗೆ ಆಗ ಎದ್ದು ಓಡಾಡಲು ಆಗುತ್ತಿರಲಿಲ್ಲ.

"ನಾನು ಮಾಡಿದ್ದು ಸರಿನಾ ಭಂತೇ? ಸರಿಯಾಗಿದ್ರೆ ಯಾಕಿಷ್ಟು ಸಂಕಟ?"

"ಸರಿಯಾದ್ದು ಮಾಡಿದ್ರೆ ಸಂಕಟ ಆಗಲ್ಲ ಅಂತ ನಾನು ಯಾವತ್ತು ಹೇಳಿದ್ದೆ?" ಎಂದರು ಅವರು. ಆಮೇಲೆ ಇಬ್ಬರೂ ಉಸಿರು ನೋಡುತ್ತ ಕೂತರು.

ಬಿಡುಗಡೆಯಾದ ಶ್ರೀಧರ ಹೊಸಕೋಟೆಯ ಗೋಡೌನೊಂದರಲ್ಲಿ ಕೆಲಸಕ್ಕೆ ಸೇರಿದ. ಒಮ್ಮೆ ಬಟ್ಟೆ ಒಯ್ಯಲು ಮನೆಗೆ ಬಂದ. ಬ್ಯಾಗು ತುಂಬುತ್ತ, "ನೀನು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಎಂದ.

"ಹೌದು."

"ಪಿಳ್ಳಣ್ಣ ಒಳಗೆ ಹೋಗಿರ್ತಿದ್ದ."

"ಹೂಂ."

ಅವನು ಬ್ಯಾಗಿನ ಜಿಪ್ಪು ಎಳೆದ. ಮಗುವಿನ ಹೆಸರು ಹರ್ಷಿತ ಎಂದಷ್ಟೇ ಹೇಳಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಆಮೇಲೆ ಅವನು ಬಂದಿಲ್ಲ. ಮುನಿರತ್ನಮ್ಮ ಈಗಲೂ ಹುರಿ ಮಿಷನ್ನಿನ ಕೆಲಸಕ್ಕೆ ಹೋಗುತ್ತಾಳೆ. ರಜೆಯ ದಿನ ಮಾರಕ್ಕನ ಹಸುಗಳಿಗೆ ಹುಲ್ಲು ಕೊಯ್ದು ಹಾಕಿ ಬರುತ್ತಾಳೆ.