ಅಂಬಾಬಾಯಿಯ ಕೈಯ ಪತ್ರಿ

ನಮ್ಮವರು ಅರಣ್ಯ ಇಲಾಖೆಯ ಚಾಕರಿ ಮುಗಿಸಿ ಧಾರವಾಡಕ್ಕೆ ಬಂದಮೇಲೆ ಎಲ್ಲರಂತೆ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸಬಹುದಿತ್ತು. ಅದು ಬಿಟ್ಟು ಕೆಲಗೇರಿಯ ಕಡೆ ಒಂದು ಬೋಳು ಇಳಿಜಾರು ಕೊಂಡು ಅದರಲ್ಲಿ ಕಾಡು ಬೆಳೆಸಿದರು. ಹೌದು, ಕಾಡು! ಮಂದಿ ಮಾವು, ಪೇರಲ ಹಚ್ಚಿದರೆ ಇವರು ದಿಂಡಲ, ಮತ್ತಿ, ಮುತ್ತಲ, ಬಿಲ್ವ ಹಚ್ಚಿದರು. ಈ ಸೀಮೆಯ ನೆಲದಲ್ಲಿ ತಾನಾಗಿ ಹುಟ್ಟುವ ಗಿಡ ಮಾತ್ರ ಇರಬೇಕು, ಹೊರಗಿನದು ಒಂದೂ ಬೇಡ ಎಂಬುದು ಅವರ ಹಟ. ನಾನು ಆಸೆಪಟ್ಟು ತಂದ ಗುಲಮೊಹರದ ಸಸಿಯನ್ನು ಬೇಲಿಯ ಆಚೆ ನೆಡಿಸಿದರು. ‘ಹುಚ್ಚು ರೇಂಜರ’ ಎಂದು ಊರು ಆಡಿಕೊಂಡಿತು. ವರ್ಷಗಳು ಕಳೆದು ಗಿಡಗಳು ನೆತ್ತಿಯ ಮೇಲೆ ಒಂದಕ್ಕೊಂದು ಕೂಡಿಕೊಂಡು ಕೆಳಗೆ ನೆರಳಾಯಿತು ನೋಡಿ, ಅದೇ ಊರು ಬುತ್ತಿ ಕಟ್ಟಿಕೊಂಡು ನೋಡಲು ಬಂತು. ಹುಬ್ಬಳ್ಳಿಯಿಂದ ರೈಲು ಹತ್ತಿ ಸಂಸಾರ ಸಂಸಾರಗಳೇ ಬರತೊಡಗಿದವು.

ಬಂದವರು ನೋಡಿ ಸುಮ್ಮನೆ ಹೋದಾರೆ? ಶ್ರಾವಣದ ಮಂಗಳವಾರ ಹೊಸ ಮದುವಣಗಿತ್ತಿಯರು ಗಂಡನ ಆಯುಷ್ಯಕ್ಕಾಗಿ ಮಂಗಳಗೌರಿಯ ಪೂಜೆ ಮಾಡುತ್ತಾರೆ. ಅದಕ್ಕೆ ಬಗೆಬಗೆಯ ಪತ್ರಿ ಬೇಕು. ಎಲ್ಲ ಎಲೆಯೂ ಒಂದೇ ಕಡೆ ಸಿಗುವುದು ನಮ್ಮ ತೋಟದಲ್ಲಿ. ಎಲೆ ಬೇಕೆಂದರೆ ಟೊಂಗೆಯನ್ನೇ ಮುರಿಯುತ್ತಿದ್ದರು. ಆಡು ಮೇಯ್ದರೂ ಅಷ್ಟು ಹಾಳಾಗಲಿಕ್ಕಿಲ್ಲ. ನಮ್ಮವರು ಸಿಟ್ಟಿಗೆದ್ದು ನಿಯಮ ಮಾಡಿದರು: ನೋಡುವವರು ನೋಡಿ ಹೋಗಬೇಕು, ಎಲೆ ಮುಟ್ಟಕೂಡದು, ಪತ್ರಿ ಬೇಕಾದರೆ ಅಂಬಾಬಾಯಿ ಕಿತ್ತು ಕೊಡುತ್ತಾಳೆ.

ಅಂಬಾಬಾಯಿ ನಮ್ಮ ಓಣಿಯವಳು, ತೋಟದ ಕೆಲಸಕ್ಕೆ ಬರುತ್ತಿದ್ದಳು. ಆಡುವ ವಯಸ್ಸಿನಲ್ಲಿ ಮದುವೆಯಾಗಿ, ಮೈನೆರೆಯುವ ಮೊದಲೇ ಗಂಡನನ್ನು ಕಳೆದುಕೊಂಡಳು. ಅವನ ಮುಖವೂ ಆಕೆಗೆ ನೆನಪಿಲ್ಲ. ನೆನಪಿರುವುದು ಅತ್ತೆಯ ಮಾತೊಂದೇ: “ಗಂಡನ್ನ ನುಂಗಿದಾಕಿ.” ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ತವರಿಗೆ ಕಳಿಸಿದರು. ಕಂಡವರ ಮನೆಯ ಅಡಿಗೆ ಮಾಡಿ ಬದುಕಿದಳು. ಅಣ್ಣ ಅತ್ತಿಗೆ ಪ್ಲೇಗಿನಲ್ಲಿ ಹೋದಾಗ ಅವರ ಮಗಳು ನಿರುಪಮಾಳನ್ನು ಎತ್ತಿಕೊಂಡು ಬಂದು ಸಾಕಿದಳು.

ಆಕೆ ಉಗುರಿನಿಂದ ಒಂದೊಂದೇ ಎಲೆ ಚಿವುಟುತ್ತಿದ್ದಳು, ಗಿಡಕ್ಕೆ ಗೊತ್ತಾಗಬಾರದು ಎಂಬಂತೆ. ಕಿತ್ತ ಪತ್ರಿಯನ್ನು ಅತ್ತಿಯ ಮರದ ಕೆಳಗಿನ ಹಾಸುಗಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಆಮೇಲೆ ಮುತ್ತೈದೆಯರು ಬಂದು ನೀರು ಚಿಮುಕಿಸಿ ಎತ್ತಿಕೊಳ್ಳುವರು. ವಿಧವೆಯ ಕೈಯಿಂದ ನೇರವಾಗಿ ತೆಗೆದುಕೊಂಡರೆ ಗಂಡನಿಗೆ ಕೇಡಂತೆ! ಆಕೆಯ ಕೈ ಗಿಡಕ್ಕೆ ಆಗುತ್ತದೆ, ಎಲೆಗೆ ಆಗುತ್ತದೆ, ಕಲ್ಲಿಗೆ ಆಗುತ್ತದೆ, ಇವರಿಗೆ ಮಾತ್ರ ಆಗದು. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ನಿಮಗೇನೂ ಅನಸೂದೇ ಇಲ್ಲೇನ್ರಿ?” ಎಂದು ಒಮ್ಮೆ ಕೇಳಿಯೇಬಿಟ್ಟೆ.

“ಏನ ಅನಸಬೇಕ್ರಿ ವೈನಿ? ನನ್ನ ಕೈಗುಣ ನನಗ ಗೊತ್ತಿಲ್ಲೇನು? ಅವರ ಗಂಡಂದಿರು ಛಲೋ ಇರ್ಲಿ.”



ನಿರುಪಮಾಳನ್ನು ಹುಬ್ಬಳ್ಳಿಯ ದುರ್ಗದಬೈಲಿನ ಮನೆಗೆ ಕೊಟ್ಟಳು. ಅಳಿಯ ಬಾಳಕೃಷ್ಣ ರೈಲ್ವೆ ಆಫೀಸಿನಲ್ಲಿ ಗುಮಾಸ್ತ. ಮದುವೆಯ ದಿನ ಅಂಬಾಬಾಯಿ ಹಿತ್ತಲಲ್ಲಿ ಒಲೆಯ ಹೊಗೆಯಲ್ಲಿ ನಿಂತಿದ್ದಳು. ತಾಳಿ ಕಟ್ಟಿದ್ದನ್ನು ವಾದ್ಯದ ಸದ್ದಿನಿಂದ ತಿಳಿದುಕೊಂಡಳು. ಮೊದಲ ಮಂಗಳಗೌರಿಗಾದರೂ ಹುಡುಗಿಯನ್ನು ಮೂಲೆಯಲ್ಲಿ ನಿಂತು ನೋಡಬೇಕೆಂಬ ಆಸೆ. ಬೀಗತಿ ಹೇಳಿಕಳಿಸಿದಳು: ಮಂಗಳಕಾರ್ಯಕ್ಕೆ ನೀವು ಬರುವುದು ಬೇಡ. ಅಂದು ನನ್ನ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಅಂಬಾಬಾಯಿ ಅತ್ತಳು.

ಆದರೆ ಪತ್ರಿ ಬೇಕಲ್ಲ? ಪೂಜೆಯ ಹಿಂದಿನ ದಿನ, ಜಿಟಿಜಿಟಿ ಮಳೆಯಲ್ಲಿ, ಬೀಗತಿ ಸೊಸೆಯನ್ನು ಕರೆದುಕೊಂಡು ಟಾಂಗಾದಲ್ಲಿ ಬಂದಿಳಿದಳು. ತಾನು ಕೊಡೆ ಹಿಡಿದು ಗೇಟಿನ ಹೊರಗೇ ನಿಂತು, “ಕಲ್ಲಿನ ಮ್ಯಾಲಿಂದ ತಗೋ ಮತ್ತ!” ಎಂದು ನಮಗೆಲ್ಲ ಕೇಳುವಂತೆ ಹೇಳಿದಳು.

ನಿರುಪಮಾ ಹಸಿರು ಸೀರೆಯುಟ್ಟು, ಕೈತುಂಬ ಬಳೆಯಿಟ್ಟು ಗಿಡಗಳ ನಡುವಿನಿಂದ ನಡೆದು ಬಂದಳು. ಬುಟ್ಟಿ ಹಿಡಿದು ನಿಂತಿದ್ದ ಅಂಬಾಬಾಯಿ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಹಳ ಖುಷಿಯಾಗಿತ್ತು ಆಕೆಗೆ. ಬುಟ್ಟಿಯನ್ನು ಕಲ್ಲಿನ ಮೇಲಿಡಲು ಬಗ್ಗಿದಳು. ಅಷ್ಟರಲ್ಲಿ ನಿರುಪಮಾ ಆ ಕಲ್ಲಿನ ಮೇಲೆ ಕೂತೇಬಿಟ್ಟಳು! ಕೂತು ಸೆರಗೊಡ್ಡಿದಳು.

“ಕೊಡು ಅತ್ಯಾ.”

“ಏಳ, ಹುಚ್ಚಿ. ಕಲ್ಲ ಬಿಡು.”

“ಏಳೂದಿಲ್ಲ. ನನಗ ಜ್ವರಾ ಬಂದಾಗ ಗಂಜಿ ಯಾವ ಕಲ್ಲಿನ ಮ್ಯಾಲ ಇಟ್ಟಿದ್ದಿ? ಕೈಲೇ ಕುಡಿಸಿದಿ ಹೌದಲ್ಲೋ?”

“ಅದು ಬ್ಯಾರೆ, ಇದು ಬ್ಯಾರೆ. ಇದು ಬಾಳಕೃಷ್ಣನ ಆಯುಷ್ಯದ ಮಾತದ.”

“ಕೊಡದಿದ್ರ ನಾ ಪೂಜಾನ ಮಾಡೂದಿಲ್ಲ.”

ಅಂಬಾಬಾಯಿ ಇಕ್ಕಟ್ಟಿಗೆ ಸಿಕ್ಕಳು. ಪೂಜೆ ತಪ್ಪಿದರೂ ಕೇಡು, ತನ್ನ ಕೈ ತಾಗಿದರೂ ಕೇಡು. ನನ್ನ ಕಡೆ ತಿರುಗಿ, “ವೈನಿ, ನಿಮ್ಮದು ಮುತ್ತೈದಿ ಕೈ. ನೀವರ ಕೊಡ್ರಿ,” ಎಂದಳು.

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. “ನಾ ಒಲ್ಲೆ. ನಮ್ಮವರ ನಿಯಮ ಗೊತ್ತದ ಅಲ್ಲ? ಪತ್ರಿ ಕೊಡಾಕಿ ನೀವು.”

“ಎಷ್ಟೊತ್ತ? ರೈಲ ತಪ್ಪತದ!” ಗೇಟಿನಿಂದ ಕೂಗು ಬಂತು.

ಅಂಬಾಬಾಯಿ ಕಣ್ಣು ಮುಚ್ಚಿದಳು. ದೇವರ ಹೆಸರು ಗೊಣಗಿ, ಬಿಲ್ವ, ಬನ್ನಿ, ಅತ್ತಿ, ಉತ್ತರಾಣಿ ಎಲ್ಲವನ್ನೂ ಹಿಡಿಹಿಡಿಯಾಗಿ ಸೆರಗಿಗೆ ಹಾಕಿದಳು. ನಿರುಪಮಾ ಆ ಒದ್ದೆ ಕೈಯನ್ನು ಕಣ್ಣಿಗೊತ್ತಿಕೊಂಡು, ಎದ್ದು ಗೇಟಿಗೆ ಓಡಿದಳು.

ಆಮೇಲಿನ ಒಂದು ವರ್ಷ ನಾವು ಪಟ್ಟ ಪಾಡು ಯಾರಿಗೂ ಬೇಡ. ಹುಬ್ಬಳ್ಳಿಯಿಂದ ಯಾರೇ ತೋಟ ನೋಡಲು ಬರಲಿ, ಅಂಬಾಬಾಯಿ ಗಿಡದ ಮರೆಯಿಂದ ಕೇಳುತ್ತಿದ್ದಳು: ದುರ್ಗದಬೈಲಿನ ಬಾಳಕೃಷ್ಣ ಹೇಗಿದ್ದಾನೆ? ಚಳಿಗಾಲದಲ್ಲಿ ಯಾರೋ ಅವನಿಗೆ ಕೆಮ್ಮು ಎಂದರು. ಆಕೆ ಒಪ್ಪೊತ್ತು ಹಿಡಿದಳು, ಸೊರಗಿ ಕಡ್ಡಿಯಾದಳು.

“ನೆಗಡಿ ಕೆಮ್ಮು ಯಾರಿಗೆ ಬರೂದಿಲ್ಲ? ಉಣ್ರಿ ಸುಮ್ಮನ!” ಎಂದು ಗದರಿಸಿದೆ.

“ನಿಮಗ ತಿಳಿಯೂದಿಲ್ರಿ. ಒಬ್ಬನ್ನ ನುಂಗಿದ ಕೈ ಇದು.”

ಮುಂದಿನ ಶ್ರಾವಣಕ್ಕೆ ನಿರುಪಮಾ ಪತ್ರಿಗೆ ಬಂದಳು. ಈ ಸಲ ಬೀಗತಿ ಬಂದಿರಲಿಲ್ಲ. ಜೊತೆಗೆ ಗಂಡನೇ ಇದ್ದ. ಅಂಬಾಬಾಯಿ ಬುಟ್ಟಿ ಕೆಳಗಿಟ್ಟು ನೇರ ಅವನ ಬಳಿ ಹೋದಳು. ದೇವರಿಗೆ ಪ್ರದಕ್ಷಿಣೆ ಬಂದಂತೆ ಅವನನ್ನು ಸುತ್ತುಹಾಕಿ ನೋಡಿದಳು.

“ಊಟಾ ಸೇರತದೇನಪಾ? ಕೆಮ್ಮು ಹ್ಯಾಂಗದ?”

“ಯಾವ ಕೆಮ್ಮರಿ ಅತ್ಯಾ? ನೋಡ್ರಿ, ಅಂಗಿ ಗುಂಡಿ ಹಾಕ್ಲಿಕ್ಕೆ ಬರವಲ್ದು,” ಎಂದು ಅವನು ಹೊಟ್ಟೆ ಸವರಿಕೊಂಡು ನಕ್ಕ. ಗುಂಡುಕಲ್ಲಿನಂತಿದ್ದ.

ಅಂಬಾಬಾಯಿ ನಗಲಿಲ್ಲ. ತನ್ನ ಬಲಗೈಯನ್ನು ಎತ್ತಿ, ಎಲೆಯ ಸೊನೆ ಹತ್ತಿ ಕಪ್ಪಾದ ಅಂಗೈಯನ್ನು ನೋಡಿದಳು. ಮಗುಚಿ ಮತ್ತೆ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ನನ್ನನ್ನು ಕೇಳಿದಳು:

“ಹಂಗಾದ್ರ ವೈನಿ, ನನ್ನ ಗಂಡನ್ನೂ ನಾ ನುಂಗಿಲ್ಲ ಅಲ್ಲ?”