ವರ್ನಾ ಕೇಳುವ ಪ್ರಶ್ನೆ

ಹಳೇ ಪಿಕಪ್ ಗಾಡಿ ಮಾರುವ ನನ್ನ ಕಣ್ಣಿಗೆ, ನಮ್ಮೂರು ಅಮರಿಲೊದ ಗಂಡಸರ ಹಾರ್ಮೋನ್ ಕ್ಲಿನಿಕ್ಕಿನ ನರ್ಸ್ ವರ್ನಾ ಕ್ಲಾಟ್ ಅರವತ್ತು ದಾಟಿದ ಮಾದರಿ; ಬಣ್ಣ ಮಾಸಿದೆ, ಎಂಜಿನ್ ಗಟ್ಟಿಯಾಗಿದೆ, ಬ್ರೇಕು ಮಾತ್ರ ವಿಪರೀತ ಬಿಗಿ. ಗಂಡಸಿನ ಹಾರ್ಮೋನ್ ಟೆಸ್ಟೊಸ್ಟೆರಾನ್ ಕಡಿಮೆಯಾಗಿದೆ ಎಂದು ಬಂದವರನ್ನು ಎರಡು ದಿನ ಬೆಳಗ್ಗೆ ಎಂಟಕ್ಕೇ ಕರೆಸಿ ರಕ್ತ ತೆಗೆಯುತ್ತಾಳೆ. ಇಂಜೆಕ್ಷನ್ ಶುರುವಾದ ಮೇಲೂ, ಅದರಿಂದ ರಕ್ತ ಮಂದವಾಗಿದೆಯೇ ಎಂದು ಆಗಾಗ ಪರೀಕ್ಷಿಸದೆ ಮುಂದಿನ ಸೀಸೆ ಕೊಡುವುದಿಲ್ಲ. "ಸ್ವಲ್ಪ ಜಾಸ್ತಿ ಹಾಕು ತಾಯಿ, ದನ ಹಿಡಿಯೋಕೆ ತಾಕತ್ತು ಬೇಕು" ಎಂದು ದನ ಸಾಕುವವರು ಗೋಗರೆದರೆ, "ದನ ಹಿಡಿಯೋದು ಹಗ್ಗ ಕಣಪ್ಪ, ಸೂಜಿ ಅಲ್ಲ" ಅನ್ನುತ್ತಾಳೆ. ಮೊದಲ ಸೂಜಿಗೆ ಮುಂಚೆ ಎಲ್ಲರಿಗೂ ಒಂದೇ ಪ್ರಶ್ನೆ: "ಇನ್ನು ಮಕ್ಕಳು ಬೇಕಾ?" ಎಂಬತ್ತರ ಪಾದ್ರಿಯನ್ನೂ ಬಿಡಲಿಲ್ಲ, ಅವರು ಮುಖ ಕೆಂಪಗೆ ಮಾಡಿಕೊಂಡು, "ನಮ್ಮನೆಯವಳನ್ನ ಕೇಳಿ ಹೇಳ್ತೀನಮ್ಮ" ಎಂದರಂತೆ. ಊರೆಲ್ಲ ನಕ್ಕಿತು, ನಾನೂ ನಕ್ಕೆ. ನಲವತ್ತೊಂದನೇ ವಯಸ್ಸಿನಲ್ಲಿ, ಅಂಗಡಿ ಬಾಗಿಲು ತೆಗೆಯಲೂ ಆಗದಷ್ಟು ಸುಸ್ತಾಗಿ ನಾನೇ ಅವಳ ಮುಂದೆ ಕೂತೆ. ಅದೇ ಪ್ರಶ್ನೆ ಬಂತು. "ಬೇಕು, ಆರು ವರ್ಷದಿಂದ ಕಾಯ್ತಾ ಇದೀವಿ" ಎಂದೆ. ಅವಳು ಸಿರಿಂಜನ್ನು ಟ್ರೇಯಲ್ಲಿ ವಾಪಸು ಇಟ್ಟಳು. "ಹಾಗಾದ್ರೆ ಇದು ನಿನಗಲ್ಲ. ಮೈಗೆ ಬಲ ಬರುತ್ತೆ, ಆದ್ರೆ ವೀರ್ಯ ಹುಟ್ಟೋದೇ ನಿಂತುಹೋಗಬಹುದು. ಡಾಕ್ಟರ ಹತ್ರ ಬೇರೆ ಮಾತ್ರೆ ಕೇಳೋಣ, ಬಾ." ಅವತ್ತು ಅವಳನ್ನು ಬೈದುಕೊಂಡೇ ಮನೆಗೆ ಬಂದೆ. ನನ್ನ ಮಗಳು ಎಡಿತ್‌ಗೆ ಈಗ ಐದು ವರ್ಷ. ಅವಳಿಗಾಗಿ ನಾನು ವರ್ನಾಗೆ ಋಣಿ.