ಎತ್ತದ ಬಾವುಟ

ಕೆಲೆರಾ ಮದುವೆಯಾಗಿ ನಾವುನಿ ಊರಿಗೆ ಬಂದ ದಿನವೇ ಎರೋನಿಯ ಕೈಲಿ ಬೈಸಿಕೊಂಡಳು. ದೋಣಿಯಿಂದ ಇಳಿದು ಗಂಡನ ಮನೆಯವರ ಹಿಂದೆ ನಡೆಯುತ್ತಿದ್ದಳು. ಮದುವೆಗೆಂದು ಸುತ್ತಿದ್ದ ನಾರುಬಟ್ಟೆಯ ಅಂಚು ನೆಲದ ಮೇಲೆ ಎಳೆಯುತ್ತಿತ್ತು. ಊರೊಳಗೆ ಹೋಗುವ ದಾರಿ ರಗ್ಬಿ ಮೈದಾನದ ಮೂಲೆಯನ್ನು ಹಾದು ಹೋಗುತ್ತದೆ. ಅಲ್ಲಿ ತೆಳ್ಳಗಿನ ಒಬ್ಬ ಯುವಕ ಮೊಣಕಾಲೂರಿ, ತೂತು ಕೊರೆದ ಡಬ್ಬಿಯಿಂದ ಸುಣ್ಣ ಉದುರಿಸುತ್ತ ಗೆರೆ ಎಳೆಯುತ್ತಿದ್ದ.

"ಏಯ್, ನಿಂತ್ಕೊ! ಬಟ್ಟೆ ಎತ್ಕೊ! ಬೆಳಿಗ್ಗೆಯಿಂದ ಸೊಂಟ ಮುರ್ಕೊಂಡು ಎಳೆದ ಗೆರೆ ಅದು!"

ಅತ್ತೆಗೆ ಸಿಟ್ಟು ಬಂತು. "ಹೊಸ ಅತ್ತಿಗೆ ಹತ್ರ ಹಿಂಗಾ ಮಾತಾಡೋದು, ಹಂದಿಮರಿ?"

"ಅತ್ತಿಗೆ ಆದ್ರೇನು ದೊಡ್ಡಮ್ಮ, ಗೆರೆ ಗೆರೇನೇ."

ಕೆಲೆರಾ ಬಟ್ಟೆ ಎತ್ತಿ ದಾಟಿದಳು. ಹೊರಳಿ ನೋಡಿದರೆ, ಅವಳ ಬಟ್ಟೆ ಒರೆಸಿಹಾಕಿದ ಗೇಣುದ್ದದ ಜಾಗಕ್ಕೆ ಅವನು ಆಗಲೇ ಸುಣ್ಣ ತುಂಬುತ್ತಿದ್ದ. ಅವನೇ ಎರೋನಿ, ಅವಳ ಗಂಡನ ಚಿಕ್ಕಪ್ಪನ ಮಗ ಎಂದು ಆಮೇಲೆ ತಿಳಿಯಿತು. ಅತ್ತಿಗೆ ಮೈದುನರೆಂದ ಮೇಲೆ ಒಬ್ಬರನ್ನೊಬ್ಬರು ಎಷ್ಟು ರೇಗಿಸಿದರೂ ತಪ್ಪಿಲ್ಲ. ಆ ಜಗಳ ಅವರಿಬ್ಬರ ನಡುವೆ ಮುದುಕರಾಗುವ ತನಕ ನಡೆಯಿತು.

ಎರೋನಿಯನ್ನು ಊರಿನ ತಂಡಕ್ಕೆ ಯಾರೂ ಸೇರಿಸಿಕೊಳ್ಳಲಿಲ್ಲ. ಎದೆಯಲ್ಲಿ ಉಸಿರು ನಿಲ್ಲುತ್ತಿರಲಿಲ್ಲ, ಓಡಿದರೆ ಕೆಮ್ಮು. ಫಿಜಿಯಲ್ಲಿ ಹುಟ್ಟಿದ ಗಂಡಸಿಗೆ ಅದಕ್ಕಿಂತ ದೊಡ್ಡ ಕೊರತೆ ಇಲ್ಲ. ಅವನು ಮರಗೆಣಸು ಬೆಳೆದ, ಮೀನು ಹಿಡಿದ, ಮದುವೆಯಾಗಲಿಲ್ಲ. ಸತ್ತ ಹವಳ ಆಯ್ದು ತಂದು ಸುಟ್ಟು ತಾನೇ ಸುಣ್ಣ ಮಾಡುತ್ತಿದ್ದ. ಪಂದ್ಯದ ದಿನ ಆ ಗೆರೆಯ ಪಕ್ಕದಲ್ಲೇ ಬಾವುಟ ಹಿಡಿದು ನಿಲ್ಲುತ್ತಿದ್ದ. ಚೆಂಡಾಗಲಿ ಚೆಂಡು ಹಿಡಿದವನ ಕಾಲಾಗಲಿ ಗೆರೆ ಮುಟ್ಟಿದರೆ ಬಾವುಟ ಎತ್ತಬೇಕು, ಆಟ ಅಲ್ಲಿಗೆ ನಿಲ್ಲುತ್ತದೆ. ಎರೋನಿ ಎತ್ತಿದ ಬಾವುಟಕ್ಕೆ ಎದುರಾಳಿ ಊರಿನವರೂ ಎದುರಾಡುತ್ತಿರಲಿಲ್ಲ. ಮೈದಾನದೊಳಗೆ ಕಾಲಿಡದವನಿಗೆ ಮೈದಾನದಲ್ಲಿ ಸಿಕ್ಕ ಮರ್ಯಾದೆ ಅದೊಂದೇ.

ಅವನಿಗೆ ಉನೈಸಿ ಎಂಬ ತಂಗಿ. ಅವಳನ್ನು ಕೊಲ್ಲಿಯಾಚೆಯ ವಾಯ್ಕಾವು ಊರಿಗೆ ಕೊಟ್ಟಿತ್ತು. ದೊಡ್ಡವರಾದ ಮೇಲೆ ಅಣ್ಣ ತಂಗಿ ಎದುರೆದುರು ಮಾತಾಡುವಂತಿಲ್ಲ. ಹೇಳುವುದೆಲ್ಲ ಕೆಲೆರಾಳ ಮೂಲಕ ಹೋಗುತ್ತಿತ್ತು, ಬರುತ್ತಿತ್ತು. ತಂಗಿಗೆ ಆಡಲಾಗದ ಅಕ್ಕರೆಯನ್ನೆಲ್ಲ ಎರೋನಿ ಅವಳ ಮಗ ಮೆಸಾಕೆಗೆ ಸುರಿದ. ತಾಯಿಯ ಊರಿನಲ್ಲಿ ಸೋದರಳಿಯ ಏನು ಕೇಳಿದರೂ ಇಲ್ಲ ಎನ್ನುವಂತಿಲ್ಲ. ಮೆಸಾಕೆ ಕೇಳುವುದರಲ್ಲಿ ಹಿಂದೆ ಬಿದ್ದವನಲ್ಲ. ಮಾವನ ಹೊಸ ಚಾಪೆ, ಮೀನಿನ ಬಲೆ, ರೇಡಿಯೊ, ಕೊನೆಗೆ ಕೊಬ್ಬಿದ ಹಂದಿ, ಎಲ್ಲ ದೋಣಿ ಹತ್ತಿ ವಾಯ್ಕಾವು ಸೇರಿದವು.

"ನಿನ್ನನ್ನೂ ಒಂದಿನ ದೋಣಿಗೆ ಹಾಕ್ಕೊಂಡು ಹೋಗ್ತಾನೆ ನೋಡು," ಎಂದು ಕೆಲೆರಾ ಛೇಡಿಸಿದರೆ, "ಹೋಗ್ಲಿ ಬಿಡು ಅತ್ತಿಗೆ, ಅಲ್ಲಾದ್ರೂ ಒಳ್ಳೆ ಅಡುಗೆ ಸಿಗುತ್ತೆ," ಎನ್ನುತ್ತಿದ್ದ.

ಮೆಸಾಕೆ ಗಾಳಿಯ ಹಾಗೆ ಓಡುತ್ತಿದ್ದ. ವಾಯ್ಕಾವು ತಂಡದಲ್ಲಿ ಅಂಚಿನ ಓಟಗಾರ ಅವನೇ. ಎರೋನಿಯ ತಲೆ ನೆರೆತ ಮೇಲೆ ಒಂದು ವರ್ಷ ಊರೂರುಗಳ ಪಂದ್ಯಾವಳಿಯ ಸೆಮಿಫೈನಲ್ ನಾವುನಿಯ ಮೈದಾನದಲ್ಲಿ ಬಿತ್ತು. ಎದುರು ತಂಡ ವಾಯ್ಕಾವು. ಪ್ರಾಂತದ ತಂಡಕ್ಕೆ ಆಟಗಾರರನ್ನು ಆರಿಸುವವರೂ ಬರುತ್ತಾರೆಂದು ಸುದ್ದಿ ಇತ್ತು. ಹಿಂದಿನ ದಿನವೇ ಮೆಸಾಕೆ ಬಂದು ಮಾವನ ಮನೆಯಲ್ಲಿ ಇಳಿದ. ಕೆಲೆರಾ ತೆಂಗಿನಹಾಲಿನಲ್ಲಿ ಬೇಯಿಸಿದ ಮೀನು ತಂದು ಬಡಿಸಿದಳು. ಅವನು ಹೊಟ್ಟೆ ತುಂಬ ತಿಂದು ಚಾಪೆಯ ಮೇಲೆ ಉರುಳಿದ.

"ಮಾವ, ಈ ಸಲ ನಿನ್ನ ಮನೇಲಿ ತಗೊಂಡು ಹೋಗೋಕೆ ಏನೂ ಉಳಿದಿಲ್ವಲ್ಲ."

"ನೀನೇ ಎಲ್ಲ ಗುಡಿಸ್ಕೊಂಡು ಹೋಗಿದ್ದೀಯ, ಇನ್ನೇನಿರುತ್ತೆ?"

"ಹಂಗಾದ್ರೆ ನಾಳೆ ನಂಗೊಂದು ಟ್ರೈ ಕೊಡು."

ಎದುರಾಳಿಯ ಕೊನೆಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ; ಅದು ಓಡಿ ಗಳಿಸುವುದೇ ಹೊರತು ಕೊಡುವುದಲ್ಲ. ಎರೋನಿ ನಕ್ಕ. ನಗುತ್ತಲೇ, "ತಗೋ, ಕೊಟ್ಟೆ," ಎಂದ.

ತಮಾಷೆಗೆ ಆಡಿದ ಮಾತು. ಕೆಲೆರಾಳೂ ನಕ್ಕಳು.

ಮರುದಿನ ಅವಳು ಎಂದಿನಂತೆ ಮೈದಾನದ ಮೂಲೆಯಲ್ಲಿ ಚಾಪೆ ಹೆಣೆಯುತ್ತ ಕುಳಿತಳು. ಗಂಡ ಆಡುತ್ತಿದ್ದಾಗಿನಿಂದ ಅವಳ ಜಾಗ ಅದೇ, ಅವನು ತೀರಿಕೊಂಡ ಮೇಲೂ ಬದಲಾಗಲಿಲ್ಲ. ನಾವುನಿ ಮೂರು ಅಂಕ ಮುಂದಿತ್ತು. ರಾಜಧಾನಿ ಸುವಾದಿಂದ ಬಂದ ರೆಫರಿ ಗಡಿಯಾರ ನೋಡಿಕೊಳ್ಳುವ ಹೊತ್ತು. ಊರಿನ ಹೆಂಗಸರು ಆಗಲೇ ಎದ್ದು ಹಾಡಲು ಶುರುಮಾಡಿದ್ದರು. ಆಗ ಚೆಂಡು ಮೆಸಾಕೆಯ ಕೈಗೆ ಬಂತು.

ಅವನು ಗೆರೆಗುಂಟ ಓಡಿ ಬಂದ. ನಾವುನಿಯ ನಾಯಕ ವೈಸಾಲೆ ಅಡ್ಡ ಬಂದು ಭುಜದಿಂದ ನೂಕಿದ. ಮೆಸಾಕೆ ವಾಲಿದ, ಬೀಳಲಿಲ್ಲ. ಅವನ ಬರಿಗಾಲಿನ ಹಿಮ್ಮಡಿ ಗೆರೆಯ ಮೇಲೆ ಊರಿತು. ಸುಣ್ಣ ಪುಸ್ಸೆಂದು ಎದ್ದು ಕೆಲೆರಾಳ ಚಾಪೆಯ ಮೇಲೂ ಬಿತ್ತು. ಅವನು ಹಾಗೇ ಮುನ್ನುಗ್ಗಿ ಮೂಲೆಯಲ್ಲಿ ಚೆಂಡನ್ನು ನೆಲಕ್ಕೆ ಒತ್ತಿದ.

ರೆಫರಿ ಎರೋನಿಯ ಕಡೆ ನೋಡಿದ. ಎರೋನಿ ಅಲ್ಲೇ ನಿಂತಿದ್ದ, ಎರಡು ಮಾರು ದೂರ. ಬಾವುಟ ಹಿಡಿದ ಕೈ ತೊಡೆಗೆ ಅಂಟಿಕೊಂಡಿತ್ತು. ರೆಫರಿ ಮತ್ತೂ ಒಂದು ಗಳಿಗೆ ಕಾದು ಸೀಟಿ ಊದಿದ. ಟ್ರೈಗೆ ಐದು ಅಂಕ. ಆಮೇಲಿನ ಒದೆತ ಕಂಬ ತಪ್ಪಿದರೂ ಲೆಕ್ಕ ಮುಗಿದಿತ್ತು. ನಾವುನಿ ತನ್ನ ನೆಲದಲ್ಲೇ ಎರಡು ಅಂಕದಿಂದ ಸೋತಿತು.

ಆ ಮೂಲೆಯಲ್ಲಿ ಬೇರೆ ಯಾರೂ ಕುಳಿತಿರಲಿಲ್ಲ. ಕೆಲೆರಾ ಚಾಪೆ ಕೊಡವಿ, ಸುತ್ತಿಕೊಂಡು ಮನೆಗೆ ಹೋದಳು.

ಸಂಜೆ ಎರಡು ಊರಿನವರೂ ಸೇರಿ ಯಂಗೋನ ಕುಡಿಯಲು ಕುಳಿತರು. ಬೇರು ಕುಟ್ಟಿ ನೀರಿನಲ್ಲಿ ಕಲಸಿ, ತೆಂಗಿನ ಕರಟದಲ್ಲಿ ಒಬ್ಬೊಬ್ಬರಿಗೇ ಕೊಡುವುದು. ಊರ ಯಜಮಾನ ಕುಡಿದ ಮೇಲೆ ಕರಟ ಅತಿಥಿಗಳಿಗೆ ಹೋಗಬೇಕು. ವೈಸಾಲೆ ತಡೆದ. ಅವನ ಕಣ್ಣು ಅತ್ತು ಕೆಂಪಗಾಗಿತ್ತು.

"ಮೊದ್ಲು ಎರೋನಿ ಚಿಕ್ಕಪ್ಪನಿಗೆ ಕೊಡಿ. ಬೇರೆ ಯಾವನಾದ್ರೂ ಆಗಿದ್ರೆ ಸುಳ್ಳು ಬಾವುಟ ಎತ್ತಿ ನಮ್ಮನ್ನ ಗೆಲ್ಲಿಸ್ತಿದ್ದ. ನಮ್ಮ ಚಿಕ್ಕಪ್ಪ ಸೋತ್ರೂ ಸುಳ್ಳು ಹೇಳಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ವಾಯ್ಕಾವಿನವರು ಇನ್ನೂ ಜೋರಾಗಿ ತಟ್ಟಿದರು. ಮೆಸಾಕೆ ಮಾತ್ರ ತಲೆ ಬಗ್ಗಿಸಿ ಕಾಲಿನ ಹಿಮ್ಮಡಿ ಉಜ್ಜುತ್ತಿದ್ದ. ಕರಟವನ್ನು ಒಂದೇ ಗುಟುಕಿಗೆ ಬರಿದು ಮಾಡಬೇಕು. ಎರೋನಿ ಅರ್ಧ ಕುಡಿದು ಕೆಳಗಿಟ್ಟ. ಕೆಮ್ಮು ಬಂತೆಂದು ಎಲ್ಲರೂ ಅಂದುಕೊಂಡರು.

ಪ್ರಾಂತದ ತಂಡದವರು ಮೆಸಾಕೆಯನ್ನು ಕರೆದರೆಂದು ಮುಂದಿನ ವಾರ ತಿಳಿಯಿತು. ಕೆಲೆರಾ ಆ ಸುದ್ದಿ ಹೊತ್ತು ಮರಗೆಣಸಿನ ತೋಟಕ್ಕೆ ಹೋದಳು. ಎರೋನಿ ಸುಮ್ಮನೆ ದಿಣ್ಣೆಯ ಮೇಲೆ ಕುಳಿತಿದ್ದ.

"ಏನಪ್ಪಾ ಸತ್ಯವಂತ, ಕೆಲಸ ಬಿಟ್ಯಾ?"

"ಹಂಗನ್ಬೇಡ ಅತ್ತಿಗೆ. ನೀನು ನೋಡಿದ್ದೀಯ."

"ನೋಡ್ದೆ. ನಾನೂ ಬಾಯಿ ಬಿಡ್ಲಿಲ್ಲ."

"ನಿನ್ ಕೈಲಿ ಬಾವುಟ ಇರ್ಲಿಲ್ಲ." ಅವನು ಕೈ ನೋಡಿಕೊಂಡ. "ಎತ್ತೋಕೆ ಹೊರಟಿದ್ದೆ. ಕೊಟ್ಟೆ ಅಂದಿದ್ನಲ್ಲ, ಆ ಮಾತು ಕೈ ಹಿಡ್ಕೊಂಡ್ಬಿಡ್ತು. ವೈಸಾಲೆ ದಿನಾ ನನ್ ಮನೆ ಮುಂದೆ ನಿಂತು ಹೊಗಳಿ ಹೋಗ್ತಾನೆ. ಹೊಡೆದಿದ್ರೆ ತಡ್ಕೋತಿದ್ದೆ."

"ಹಂಗಾದ್ರೆ ಹೇಳ್ಬಿಡು."

"ಹೇಳಿದ್ರೆ ಆ ಹುಡುಗನ ಗತಿ? ಕೊಟ್ಟಿದ್ದನ್ನ ಮಾವನೇ ಕಿತ್ಕೊಂಡ ಹಾಗಲ್ವಾ?"

ಇಬ್ಬರೂ ಕುಳಿತು ಒಂದಿಷ್ಟು ಗೆಣಸು ಕಿತ್ತರು.

ಅವನು ತಿಂಗಳೊಪ್ಪತ್ತು ತಡೆದ. ಹೊಸ ಸುಣ್ಣ ಸುಡಲಿಲ್ಲ, ಮೈದಾನದ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಸ್ನಾನ ಮಾಡಿ, ಯಂಗೋನ ಬೇರಿನ ಕಟ್ಟು ಎತ್ತಿಕೊಂಡು ಯಜಮಾನನ ಮನೆಗೆ ನಡೆದ. ತಪ್ಪೊಪ್ಪಿಕೊಳ್ಳುವವನು ಬಾಗಿಲ ಹತ್ತಿರ ಕೂತು ಬೇರನ್ನು ಮುಂದಿಡಬೇಕು, ಅವನ ಕಡೆಯವರು ಅವನ ಹಿಂದೆ ಕೂರಬೇಕು. ಅವನ ಹಿಂದೆ ಕೂತವಳು ಕೆಲೆರಾ ಒಬ್ಬಳೇ. ಅವನು ಏನೂ ಮುಚ್ಚಿಡದೆ ಹೇಳಿದ. ಕಾಲು ಗೆರೆ ಮುಟ್ಟಿತ್ತು, ನೋಡಿದೆ, ಎತ್ತಲಿಲ್ಲ, ಎಂದ.

ವೈಸಾಲೆ ಎದ್ದು ಹೊರಗೆ ಹೋದ. ಯಜಮಾನ ಕೈ ಚಾಚಿ ಬೇರನ್ನು ಮುಟ್ಟಿದ. ಮುಟ್ಟಿದ ಮೇಲೆ ತಪ್ಪು ಮಣ್ಣಾಯಿತು, ಊರಲ್ಲಿ ಅದರ ಮಾತು ಯಾರೂ ಎತ್ತುವಂತಿಲ್ಲ. ಯಾರೂ ಎತ್ತಲೂ ಇಲ್ಲ. ಬಾವುಟ ಮಾತ್ರ ಬೇರೆಯವರ ಕೈಗೆ ಹೋಯಿತು.

ಆದರೆ ಕೊಲ್ಲಿಯಾಚೆಗೆ ಸುದ್ದಿ ಹೋಗದೆ ಇರುತ್ತದೆಯೇ? ಪ್ರಾಂತದ ತಂಡದವರು ಮೆಸಾಕೆಗೆ ಏನೂ ಅನ್ನಲಿಲ್ಲ. ಅವನೇ ಗಂಟು ಕಟ್ಟಿಕೊಂಡು ಶಿಬಿರದಿಂದ ಊರಿಗೆ ಮರಳಿದ. ಮಾವನ ಮನೆಗೆ ಬರುವುದನ್ನೂ ನಿಲ್ಲಿಸಿದ. ಎರೋನಿ ಹೊಸ ಚಾಪೆ ಹೆಣೆಸಿ ಹಾಸಿದ, ಇನ್ನೊಂದು ಹಂದಿ ಕೊಬ್ಬಿಸಿದ. ಕೇಳುವವರು ಬರಲಿಲ್ಲ.

ಮಳೆಗಾಲದಲ್ಲಿ ಅವನ ಎದೆ ಕೆಟ್ಟಿತು. ಕೆಲೆರಾ ಮೀನಿನ ಸಾರು ಕುಡಿಸಲು ಹೋಗುತ್ತಿದ್ದಳು. ವಾಯ್ಕಾವಿನ ನೆಂಟರೊಬ್ಬರ ಮನೆಯಲ್ಲಿ ಸಾವಾಗಿ, ಅವಳು ಆ ಮನೆಗೆ ಕೊಡಬೇಕಾದ ಚಾಪೆ ಹೊತ್ತು ದೋಣಿ ಹತ್ತಬೇಕಾಗಿದ್ದ ಬೆಳಿಗ್ಗೆಯೂ ಹೋದಳು. ಅವನು ಗೋಡೆಗೆ ಒರಗಿ ಕುಳಿತಿದ್ದ, ಉಸಿರು ಎಳೆಯುತ್ತಿತ್ತು.

"ಸಾರಿಗೆ ಉಪ್ಪಿಲ್ಲ," ಎಂದ.

"ಸಾಯೋ ಹಾಗಿದ್ರೂ ನಾಲಿಗೆ ಮಾತ್ರ ಗಟ್ಟಿ."

ಅವನು ನಗಲಿಲ್ಲ. ಅವಳ ಕೈಯಿಂದ ಬಟ್ಟಲು ತೆಗೆದುಕೊಂಡು ಪಕ್ಕಕ್ಕಿಟ್ಟ.

"ಊರಿಗೆ ಬೇರು ಇಟ್ಟೆ, ಊರು ಮುಟ್ತು. ಆ ಹುಡುಗನಿಗೆ ಕೊಟ್ಟು ಕಿತ್ಕೊಂಡ್ನಲ್ಲ, ಅದಕ್ಕೆ ಯಾರ ಮುಂದೆ ಇಡ್ಲಿ? ಉನೈಸಿ ಹತ್ರ ಕೇಳ್ತೀಯಾ ಅತ್ತಿಗೆ, ಅವನು ಈಗ್ಲೂ ನನ್ನನ್ನ ಮಾವ ಅಂತಾನಾ?"